ಮೇಲಿನವರ ಕರ್ಮ, ಕೆಳಗಿನವರ ಹೊಲ

ಮಾತು ನಡೆದದ್ದು ಮಸ್ಕಿಯ ಒಂದು ಚಹದಂಗಡಿಯಲ್ಲಿ. ಒಬ್ಬರು ಲಿಂಗಸುಗೂರಿನ ನಿವೃತ್ತ ಮೇಷ್ಟ್ರು, ಸಂಸ್ಕೃತ ಬಲ್ಲವರು. ಇನ್ನೊಬ್ಬ ಬಳಗಾನೂರು ಕಡೆಯ ರೈತ. ತುಂಗಭದ್ರಾ ಎಡದಂಡೆಯ ಉಪಕಾಲುವೆಯೊಂದರ ತುದಿಗೆ ಅವನ ಹೊಲ. ಮೂರನೆಯ ದನಿ ತಡವಾಗಿ ಸೇರಿತು. ಪಕ್ಕದ ಬೆಂಚಿನಲ್ಲಿದ್ದ ನಾನು ಬಂದ ಬಸ್ಸನ್ನು ಬಿಟ್ಟು ಕೂತೆ.

— ಸರ, ನೀವು ಪುರಾಣ, ಪ್ರವಚನ ಬಲ್ಲವರು. ಒಂದು ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಈ ಸಲ ನನ್ನ ನೆಲ್ಲು ತೆನಿ ಒಡೆಯೋ ಹೊತ್ತಿಗೆ ನೀರು ಬರಲಿಲ್ಲ. ನಿಂತ ನಿಂತಂಗ ಒಣಗಿತು. ಊರಿನ ಹಿರಿಯರೊಬ್ಬರು ಬಂದು ಹೆಗಲ ಮ್ಯಾಲ ಕೈ ಇಟ್ಟು, ‘ಯಾವ ಜನ್ಮದ ಕರ್ಮಾನೋ, ಉಣ್ಣಬೇಕಪ್ಪ’ ಅಂದ್ರು. ಹೋದ ಜನ್ಮದಾಗ ನಾನೇನು ಮಾಡಿದ್ದೆ ನನಗ ಗೊತ್ತಿಲ್ಲ. ಈ ಜನ್ಮದಾಗ ಮ್ಯಾಲಿನ ತೂಬಿಗೆ ಯಾರು ಪೈಪ್ ಹಾಕ್ಯಾರ, ಎಷ್ಟು ಎಚ್‌ಪಿ ಮೋಟಾರು ಇಟ್ಟಾರ ಅಂತ ಬೇಕಾದ್ರ ಬರದು ಕೊಡ್ತೀನಿ.

— ನಿನ್ನ ಪ್ರಶ್ನೆ ಕರ್ಮ ಸುಳ್ಳೇ ಅಂತಲೋ, ಕರ್ಮ ಯಾರದು ಅಂತಲೋ?

— ಎರಡೂ ಒಂದ ಅಲ್ಲೇನ್ರಿ?

— ಅಲ್ಲಪ್ಪ. ‘ಮಾಡಿದ್ದುಣ್ಣೋ ಮಹಾರಾಯ’ ಅನ್ನುವುದನ್ನ ತನಗೆ ತಾನೇ ಹೇಳಿಕೊಂಡರೆ ಒಂದು, ಕಷ್ಟದಲ್ಲಿರುವವನ ಬಾಗಿಲಿಗೆ ಹೋಗಿ ಹೇಳಿದರೆ ಇನ್ನೊಂದು. ಆ ಮಹಾರಾಯ ಯಾರು ಅನ್ನುವುದರ ಮೇಲೆ ಎಲ್ಲ ನಿಂತಿದೆ.

— ಹಂಗಂತ ಶಾಸ್ತ್ರದಾಗ ಬರದೈತೇನು?

— ಹಾಗೇ ಬರೆದಿಲ್ಲ. ಆದರೆ ಬೃಹದಾರಣ್ಯಕ ಉಪನಿಷತ್ತಿನಲ್ಲಿ ಒಂದು ಪ್ರಸಂಗ ಬರುತ್ತದೆ. ಜನಕನ ಸಭೆಯಲ್ಲಿ ಆರ್ತಭಾಗ ಅನ್ನುವವನು ಯಾಜ್ಞವಲ್ಕ್ಯನನ್ನು ಕೇಳುತ್ತಾನೆ: ಮನುಷ್ಯ ಸತ್ತಾಗ ಅವನ ಮಾತು ಬೆಂಕಿಗೆ ಹೋಗುತ್ತದೆ, ಉಸಿರು ಗಾಳಿಗೆ, ಕಣ್ಣು ಸೂರ್ಯನಿಗೆ, ಮೈ ಮಣ್ಣಿಗೆ. ಹಾಗಾದರೆ ಆ ಮನುಷ್ಯ ಎಲ್ಲಿ ಉಳಿದ? ಎಲ್ಲರಿಗೂ ಎದುರುತ್ತರ ಕೊಡುತ್ತ ಬಂದ ಯಾಜ್ಞವಲ್ಕ್ಯ ಇಲ್ಲಿ ಮಾತ್ರ ಸಭೆಯಲ್ಲಿ ಬಾಯಿ ಬಿಡುವುದಿಲ್ಲ. ಇದು ಇಷ್ಟು ಜನರ ನಡುವೆ ಆಡುವ ಮಾತಲ್ಲ ಅಂತ ಅವನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗುತ್ತಾನೆ. ಅವರು ಅಲ್ಲಿ ಆಡಿದ್ದು ಕರ್ಮದ ಮಾತು ಅಂತ ಉಪನಿಷತ್ತು ಚುಟುಕಾಗಿ ಹೇಳಿ ಮುಂದೆ ಹೋಗುತ್ತದೆ.

— ಈಗ ಆ ಗುಟ್ಟನ್ನ ಆಟೋ ಹಿಂದ ಬರಸ್ಯಾರ.

— ಅದೇ ಹೇಳುವುದು. ಕೈ ಹಿಡಿದು, ಬದಿಗೆ ಕರೆದು, ಒಬ್ಬ ಇನ್ನೊಬ್ಬನಿಗೆ ಹೇಳಿದ ಮಾತು ಅದು. ಮುಂದೆ ದರ್ಶನಕಾರರು ಅದಕ್ಕೊಂದು ಲೆಕ್ಕ ಕಟ್ಟಿದರು. ಮಾಡಿದ್ದು ಫಲ ಕೊಡದೆ ಕಳೆದುಹೋದರೆ ಅದು ಕೃತಹಾನಿ. ಮಾಡದ್ದು ಬಂದು ತಗುಲಿಕೊಂಡರೆ ಅದು ಅಕೃತಾಭ್ಯಾಗಮ. ಇವೆರಡೂ ದೋಷ, ಲೋಕದಲ್ಲಿ ಇರಕೂಡದು ಅಂತ ಅವರ ಹಟ.

— ನಿಂದರ್ರಿ. ಮಾಡದ್ದು ಬಂದು ತಗುಲೋದು ದೋಷ ಅಂದ್ರಿ. ನಂದು ಅದ ಅಲ್ಲೇನು? ನಾನು ಬೀಜ ಹಾಕಿದ್ದೆ, ಗೊಬ್ಬರ ಹಾಕಿದ್ದೆ, ಸಾಲ ಮಾಡಿದ್ದೆ. ಮಾಡಿದ್ದೆಲ್ಲ ಹೋತು. ಮ್ಯಾಲಿನವರು ಮಾಡಿದ್ದು ನನಗ ಬಂತು. ನಿಮ್ಮ ಎರಡೂ ದೋಷ ನನ್ನ ಆರು ಎಕರೇದಾಗ ಅದಾವ.

— ಶಾಸ್ತ್ರ ಅದಕ್ಕೆ ಸುಮ್ಮನೆ ಕೂಡುವುದಿಲ್ಲ. ಈ ಜನ್ಮದಲ್ಲಿ ಮಾಡಿಲ್ಲದಿರಬಹುದು, ಹಿಂದೆ ಮಾಡಿರುತ್ತೀ ಅನ್ನುತ್ತದೆ. ಸಂಚಿತ ಅಂದರೆ ಕೂಡಿಟ್ಟದ್ದು, ಪ್ರಾರಬ್ಧ ಅಂದರೆ ಅದರಲ್ಲಿ ಈಗ ಫಲಕ್ಕೆ ಬಂದದ್ದು, ಆಗಾಮಿ ಅಂದರೆ ಈಗ ಮಾಡುತ್ತಿರುವುದು.

— ಸಾಹುಕಾರನ ಖಾತೆ ಪುಸ್ತಕ ಇದ್ದಂಗ ಆತು. ಬರದಾವ ಅವನು, ಓದಾವ ಅವನು. ನಾ ಹೆಬ್ಬಟ್ಟು ಒತ್ತೋದು.

ಮೇಷ್ಟ್ರು ನಕ್ಕರು. ಸೋತ ನಗು ಅಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಸರಿಯಾದ ಪ್ರಶ್ನೆ ಬಂದಾಗ ನಗುವ ನಗು.

— ಇದೇ ಪ್ರಶ್ನೆ ಶಂಕರಾಚಾರ್ಯರ ಮುಂದೆಯೂ ಇತ್ತು. ದೇವರು ಒಬ್ಬನನ್ನು ಸುಖದಲ್ಲಿ, ಒಬ್ಬನನ್ನು ದುಃಖದಲ್ಲಿ ಇಟ್ಟಿದ್ದರೆ ಅವನು ಪಕ್ಷಪಾತಿ ಆಗುವುದಿಲ್ಲವೆ, ಕರುಣೆ ಇಲ್ಲದವನಾಗುವುದಿಲ್ಲವೆ? ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಈ ಆಕ್ಷೇಪ ಬರುತ್ತದೆ. ಭಾಷ್ಯದಲ್ಲಿ ಆಚಾರ್ಯರು ಕೊಡುವ ದೃಷ್ಟಾಂತ ನಿನಗೆ ಹಿಡಿಸುತ್ತದೆ, ಯಾಕೆಂದರೆ ಅದು ಬೆಳೆಯದು. ದೇವರು ಮಳೆಯ ಹಾಗೆ ಅನ್ನುತ್ತಾರೆ. ಮಳೆ ನೆಲ್ಲಿಗೂ ಬೀಳುತ್ತದೆ, ಜವೆಗೋದಿಗೂ ಬೀಳುತ್ತದೆ. ಎಲ್ಲಕ್ಕೂ ಅದು ಸಮಾನ ಕಾರಣ. ಒಂದು ನೆಲ್ಲಾಗಿ, ಇನ್ನೊಂದು ಜವೆಯಾಗಿ ಬಂದರೆ ವ್ಯತ್ಯಾಸ ಬೀಜದ್ದು, ಮಳೆಯದಲ್ಲ. ಹಾಗೆಯೇ ಜೀವರಲ್ಲಿ ಕಾಣುವ ಏರುಪೇರು ಅವರವರ ಕರ್ಮದ್ದು, ದೇವರದಲ್ಲ.

ರೈತ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಸಾಸರಿಗೆ ಚಹ ಸುರಿದು ಕುಡಿದ.

— ಮಾತು ಚಲೋ ಐತ್ರಿ. ಮಳಿ ಮಟ್ಟಿಗೆ ಖರೇನೂ ಐತಿ. ನಮ್ಮ ಅಜ್ಜನ ಕಾಲಕ್ಕಾಗಿದ್ರ ನಾನೂ ಒಪ್ಪಿ ಎದ್ದು ಹೋಗ್ತಿದ್ದೆ. ಆಗ ಜ್ವಾಳ, ಸಜ್ಜಿ, ಹತ್ತಿ; ಮಳಿ ಬಂದ್ರ ಎಲ್ಲರಿಗೂ, ಹೋದ್ರ ಎಲ್ಲರಿಗೂ. ಆದ್ರ ನಿಮ್ಮ ಆಚಾರ್ಯರು ಕಾಲುವಿ ನೋಡಿದ್ದಿಲ್ಲ.

— ಅಂದರೆ?

— ಮಳಿ ಮ್ಯಾಲಿನ ಹೊಲ, ಕೆಳಗಿನ ಹೊಲ ಅಂತ ನೋಡಂಗಿಲ್ಲ. ಕಾಲುವಿ ನೋಡ್ತೈತಿ. ನನ್ನ ಬೀಜಾನೂ ಅದ ಸೋನಾ ಮಸೂರಿ, ಮ್ಯಾಲಿನವನ ಬೀಜಾನೂ ಅದ. ಮಣ್ಣೂ ಅದ ಕರಿಮಣ್ಣು. ಬೀಜ ಒಂದ, ಮಣ್ಣು ಒಂದ, ಬೆಳಿ ಮಾತ್ರ ಬ್ಯಾರೆ. ಈಗ ಹೇಳ್ರಿ, ವ್ಯತ್ಯಾಸ ಯಾರದು? ನೀರಿನ ಗೇಜ್ ಬಿದ್ದೈತಿ ಅಂತ ಗ್ಯಾಂಗ್‌ಮನ್‌ಗೆ ಹೇಳಿದ್ರ ಮ್ಯಾಲ ಹೋಗಿ ಹೇಳ್ರಿ ಅಂತಾನ. ಮ್ಯಾಲ ಹೋದ್ರ ಇನ್ನೂ ಮ್ಯಾಲ ತೋರಸ್ತಾರ. ಹಂಗ ಮ್ಯಾಲ ಮ್ಯಾಲ ಹೋಗಿ ಕಡೀಕ ದೇವರ ಹತ್ರ ಬಿಡ್ತಾರ.

ಇಲ್ಲಿ ಓದುಗರಿಗೆ ನನ್ನದೊಂದು ಮಾತು. ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. 1953ರಲ್ಲಿ ನೀರು ನಿಂತ ಜಲಾಶಯದ ಮೊದಲ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಈಗ 105ರ ಆಸುಪಾಸು. ಯೋಜನೆ ಹಾಕಿದವರು ಈ ನೆಲದ ಬಹುಪಾಲಿಗೆ ಲೆಕ್ಕ ಇಟ್ಟದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ನೆಲ್ಲಿಗೆ ಇಟ್ಟದ್ದು ಸ್ವಲ್ಪ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ನೆಲ್ಲು ಹಬ್ಬಿತು, ಸಿಂಧನೂರಿನ ಸುತ್ತ ವಲಸೆ ರೈತರ ಕ್ಯಾಂಪುಗಳು ಬೆಳೆದವು, ಅಕ್ಕಿ ಗಿರಣಿಗಳು ಎದ್ದವು, ಭತ್ತದ ಕಣಜ ಅಂತ ಹೆಸರೂ ಬಂತು. ಕೊನೆಭಾಗದ ರೈತ ಅನ್ನುವ ಪದ ರಾಯಚೂರಿನ ಪತ್ರಿಕೆಗಳಲ್ಲಿ ಕಾಯಂ ಆಯಿತು. ಬೇಸಿಗೆಯಲ್ಲಿ ಕಾಲುವೆಯ ದಂಡೆಗೆ ನಿಷೇಧಾಜ್ಞೆ ಹಾಕಿ ಪೊಲೀಸರನ್ನು ನಿಲ್ಲಿಸಿದ ವರ್ಷಗಳಿವೆ. ಪ್ರಾರಬ್ಧವಾಗಿದ್ದರೆ ಪೊಲೀಸರು ಬೇಕಾಗುತ್ತಿರಲಿಲ್ಲ.

ಮೇಷ್ಟ್ರು ತಲೆದೂಗಿ ಮುಂದುವರಿಸಿದರು.

— ಆಚಾರ್ಯರ ದೃಷ್ಟಾಂತ ನಿನ್ನ ತೂಬಿನ ಹತ್ತಿರ ಬಂದು ನಿಲ್ಲುತ್ತದೆ, ಒಪ್ಪಿದೆ. ಅದಕ್ಕೇ ಗೀತೆಯ ಕೊನೆಯ ಅಧ್ಯಾಯಕ್ಕೆ ಹೋಗೋಣ. ಯಾವುದೇ ಕೆಲಸ ಆಗಬೇಕಾದರೆ ಐದು ಕಾರಣ ಬೇಕು ಅನ್ನುತ್ತಾನೆ ಕೃಷ್ಣ. ನೆಲೆ, ಮಾಡುವವನು, ಸಾಧನ, ಬೇರೆ ಬೇರೆ ಪ್ರಯತ್ನ, ಐದನೆಯದು ದೈವ. ದೈವಕ್ಕೆ ಐದರಲ್ಲಿ ಒಂದು ಪಾಲು, ಅದೂ ಕೊನೆಗೆ. ನಾವೇನು ಮಾಡಿದ್ದೇವೆ? ನಾಲ್ಕನ್ನು ಬಿಟ್ಟು ಐದನೆಯದನ್ನೇ ಹಣೆಗೆ ಬರೆದುಕೊಂಡಿದ್ದೇವೆ.

— ಗೇಟ್ ಹರಿದ ವರ್ಷ ಹಂಗ ಆತು ನೋಡ್ರಿ.

— 2024.

— ಆಗಸ್ಟ್ ಹತ್ತನೇ ತಾರೀಕು ರಾತ್ರಿ. ಡ್ಯಾಂ ತುಂಬಿತ್ತು. 19ನೇ ಗೇಟಿನ ಚೈನು ಹರಿದು ಗೇಟ ಕೊಚ್ಚಿಗೊಂಡು ಹೋತು. ಬೆಳಿಗ್ಗೆ ನಮ್ಮೂರಾಗ ಹೆಣ್ಣುಮಕ್ಕಳು ಹುಲಿಗೆಮ್ಮಗ ಹರಕಿ ಹೊತ್ರು. ದೇವರು ಮುನಿದಾನ ಅಂದ್ರು ಕೆಲವರು. ನಾ ಅಂದೆ, ದೇವರು ಮುನಿದದ್ದಲ್ಲ, ಚೈನಿಗೆ ಎಪ್ಪತ್ತು ವರ್ಷ ಆಗೇತಿ.

— ಮಾಡುವುದು ಕರ್ಮ, ಮಾಡಬಾರದ್ದು ಮಾಡುವುದು ವಿಕರ್ಮ, ಮಾಡದಿರುವುದು ಅಕರ್ಮ. ಮೂರನ್ನೂ ತಿಳಿಯಬೇಕು, ಇದರ ದಾರಿ ಆಳವಾದದ್ದು ಅಂತ ಗೀತೆಯ ನಾಲ್ಕನೆಯ ಅಧ್ಯಾಯದ ಮಾತು. ವ್ಯಾಖ್ಯಾನಕಾರರು ಅಕರ್ಮಕ್ಕೆ ಎಷ್ಟೋ ಎತ್ತರದ ಅರ್ಥ ಹೇಳುತ್ತಾರೆ. ನನಗೆ ಆ ವಾರ ಬದಲಿಸದೆ ಬಿಟ್ಟ ಚೈನೇ ನೆನಪಾಗುತ್ತಿತ್ತು. ಮಾಡದೆ ಬಿಟ್ಟದ್ದಕ್ಕೂ ಫಲ ಇದೆ.

— ಆದ್ರ ಆ ಗೇಟ ಮತ್ತ ಮುಚ್ಚಿದ್ದೂ ಮನುಷ್ಯಾರ. ಕನ್ನಯ್ಯ ನಾಯ್ಡು ಅಂತ ವಯಸ್ಸಾದವರು ಬಂದ್ರು, ಹರಿಯೋ ನೀರಿನಾಗ ಕಬ್ಬಿಣದ ತುಂಡು ಒಂದೊಂದ ಇಳಿಸಿದ್ರು. ಒಂದು ವಾರದಾಗ ತಡದ್ರು. ಟಿವಿ ಮುಂದ ಕೂತು ನೋಡಿದ್ವಿ. ಅವತ್ತು ಯಾರೂ ಕರ್ಮ ಅನ್ನಲಿಲ್ಲ.

— ಮಹಾಭಾರತದ ಅನುಶಾಸನ ಪರ್ವದಲ್ಲಿ ಯುಧಿಷ್ಠಿರ ಭೀಷ್ಮನನ್ನು ಇದನ್ನೇ ಕೇಳುತ್ತಾನೆ. ದೈವ ದೊಡ್ಡದೋ, ಪುರುಷಪ್ರಯತ್ನ ದೊಡ್ಡದೋ? ಬ್ರಹ್ಮ ವಸಿಷ್ಠನಿಗೆ ಕೊಟ್ಟ ಉತ್ತರವನ್ನು ಭೀಷ್ಮ ಹೇಳುತ್ತಾನೆ. ಒಂದು ಬೀಜ, ಒಂದು ಹೊಲ. ನೀನು ಹೇಳು, ಇವೆರಡರಲ್ಲಿ ದೈವ ಯಾವುದು, ಪ್ರಯತ್ನ ಯಾವುದು?

— ಹೊಲ ದೈವ ಇರಬೇಕು. ಎಲ್ಲಿ ಹುಟ್ಟಿದ್ವಿ, ಯಾವ ಹೊಲ ಪಾಲಿಗೆ ಬಂತು, ಅದು ನಮ್ಮ ಕೈಯಾಗಿಲ್ಲ. ಬಿತ್ತೋದು ನಮ್ಮದು.

— ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಅಲ್ಲಿ ತಿರುಗಾಮುರುಗಾ. ಬೀಜ ದೈವ, ಹೊಲ ಪುರುಷಪ್ರಯತ್ನ. ಹೊಲವಿಲ್ಲದೆ ಬೀಜ ಹೇಗೆ ವ್ಯರ್ಥವೋ ಹಾಗೆ ಪ್ರಯತ್ನವಿಲ್ಲದೆ ದೈವ ವ್ಯರ್ಥ.

— ಅದೂ ಖರೆ ಐತಿ. ಬೀಜ ಅಂಗಡಿಯಿಂದ ಬರ್ತೈತಿ, ಒಳಗ ಏನೈತಿ ಯಾರಿಗೆ ಗೊತ್ತು. ಹೊಲ ಹಸನ ಮಾಡಾಕ ಮೂರು ತಲೆ ಸವದೈತಿ. ಹೊಲ ದೇವರು ಕೊಟ್ಟದ್ದಲ್ಲ, ನಮ್ಮ ಬೆನ್ನು ಕೊಟ್ಟದ್ದು.

— ಈಗ ಎದುರಿನ ಈ ಮಸ್ಕಿ ಗುಡ್ಡ ನೋಡು. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ಅಲ್ಲಿ ಬಂಡೆಯ ಮೇಲೆ ಬರೆಸಿದ ಮಾತಿಗೂ ನಿನ್ನ ಪ್ರಶ್ನೆಗೂ ಸಂಬಂಧ ಇದೆ.

— ಅಶೋಕಂದು. 1915ರಾಗ ಚಿನ್ನದ ಗಣಿ ಇಂಜಿನಿಯರ್ ಬೀಡನ್ ಅನ್ನಾವ ಬಂಗಾರ ಹುಡುಕಾಕ ಬಂದು ಅದನ್ನ ನೋಡಿದ, ಅದರಾಗ ಅಶೋಕ ಅಂತ ಹೆಸರ ಇತ್ತು. ಸಾಲ್ಯಾಗ ಇಷ್ಟ ಹೇಳ್ಯಾರ.

— ಎಲ್ಲರಿಗೂ ಹೇಳುವುದು ಅಷ್ಟೇ. ಹೆಸರು ಸಿಕ್ಕಿತು, ಬೇರೆ ಶಾಸನಗಳ ದೇವಾನಾಂಪ್ರಿಯ ಅನ್ನುವವನು ಅಶೋಕನೇ ಅಂತ ಗಟ್ಟಿಯಾಯಿತು ಅಂತ. ಆ ಹೆಸರಿನ ಸಡಗರದಲ್ಲಿ ಅವನು ಹೇಳಿದ್ದೇನು ಅನ್ನುವುದು ಹಿಂದೆ ಸರಿಯಿತು. ನಾನು ಬುದ್ಧನ ದಾರಿಗೆ ಬಂದು ಎರಡೂವರೆ ವರ್ಷದ ಮೇಲಾಯಿತು ಅನ್ನುತ್ತಾನೆ. ಆಮೇಲೆ ಅನ್ನುತ್ತಾನೆ, ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಈ ಎತ್ತರ ಮುಟ್ಟಬಲ್ಲ. ದೊಡ್ಡವರಿಗೆ ಮಾತ್ರ ಇದು ಸಾಧ್ಯ ಅಂತ ತಿಳಿಯಬೇಡಿ. ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಿ. ಕಳಿಂಗದಲ್ಲಿ ಮಾಡಿದ್ದು ಬೆನ್ನ ಮೇಲಿದ್ದ ರಾಜ ಅವನು. ಹಿಂದಿನದು ಹೀಗಿತ್ತು, ಆದ್ದರಿಂದ ಮುಂದಿನದೂ ಹೀಗೇ ಅಂತ ಅವನು ಬರೆಸಲಿಲ್ಲ.

— ಅವನು ಬೌದ್ಧ. ನೀವು ಹಿಂದೂ ಶಾಸ್ತ್ರದಿಂದ ಶುರು ಮಾಡಿದ್ರಿ.

— ಹೌದು, ಬೇರೆ ದಾರಿ. ಆದರೆ ಕರ್ಮದ ಮಾತು ಇಬ್ಬರ ಮನೆಯಲ್ಲೂ ಬೆಳೆದದ್ದು, ಜಗಳವಾಡುತ್ತಲೇ ಬೆಳೆದದ್ದು. ಹಿಂದೂ ಶಾಸ್ತ್ರದಲ್ಲಿ ಒಪ್ಪಲಾಗದ ಕಡೆಯೂ ಇದೆ, ಮುಚ್ಚಿಡುವುದಿಲ್ಲ. ಛಾಂದೋಗ್ಯ ಉಪನಿಷತ್ತಿನಲ್ಲಿ ಒಳ್ಳೆಯ ನಡತೆಯವರು ಬ್ರಾಹ್ಮಣ, ಕ್ಷತ್ರಿಯರಾಗಿ ಹುಟ್ಟುತ್ತಾರೆ, ಕೆಟ್ಟ ನಡತೆಯವರು ನಾಯಿಯಾಗಿ, ಹಂದಿಯಾಗಿ, ಚಂಡಾಲರಾಗಿ ಹುಟ್ಟುತ್ತಾರೆ ಅಂತ ಬರುತ್ತದೆ. ಒಂದು ಕೇರಿಯ ಜನರನ್ನೇ ಹಿಂದಿನ ಜನ್ಮದ ಅಪರಾಧಿಗಳನ್ನಾಗಿ ಮಾಡಿದ ಮಾತು ಅದು. ಅಂಬೇಡ್ಕರ್ ಬುದ್ಧನ ಬಗ್ಗೆ ಬರೆದ ಕೊನೆಯ ಪುಸ್ತಕದಲ್ಲಿ ಕೇಳುತ್ತಾರೆ: ಬಡತನಕ್ಕೆಲ್ಲ ಹಿಂದಿನ ಜನ್ಮದ ಕರ್ಮವೇ ಕಾರಣ ಅಂದರೆ ಸಮಾಜಕ್ಕೂ ಸರಕಾರಕ್ಕೂ ಹೊಣೆ ಎಲ್ಲಿ ಉಳಿಯಿತು? ಇದಕ್ಕೆ ನನ್ನ ಪಂಡಿತ ಮಿತ್ರರು ಯಾರೂ ನನಗೆ ತೃಪ್ತಿಯಾಗುವ ಉತ್ತರ ಕೊಟ್ಟಿಲ್ಲ.

— ಅಂದ್ರ ಕರ್ಮ ಬಿಟ್ಟುಬಿಡೋದು ಚಲೋ.

— ಬಿಟ್ಟರೆ ನಿನ್ನ ಮೇಲಿನ ತೂಬಿನವನಿಗೆ ಏನು ಹೇಳುತ್ತೀ? ನೀನು ಮಾಡಿದ್ದಕ್ಕೆ ಫಲ ಇದೆ, ಅದು ನಿನ್ನದು ಅಂತ ಹೇಳುವ ಮಾತೂ ಅದೇ. ಬಾಣವನ್ನು ತಿರುಗಿಸಿ ಹಿಡಿದಿದ್ದೇವೆ. ಮೇಲಿನವನಿಗೆ ಹೇಳಬೇಕಾದ ಮಾತನ್ನು ಕೆಳಗಿನವನಿಗೆ ಹೇಳುತ್ತಿದ್ದೇವೆ.

— ಪಾಮನಕಲ್ಲೂರಿನ ಕಡೆ 5ಎ ಕಾಲುವಿ ಬೇಕಂತ 2020ರಾಗ ಧರಣಿ ಕೂತ್ರಲ್ಲ, ಅವರೂ ಹಣೆಬರಹ ಅಂತ ಕೂತಿದ್ರ ಮನಿಯಾಗ ಕೂಡ್ತಿದ್ರು.

— ಹಣೆಬರಹ ಮುರಿದ ಕಥೆ ನಮ್ಮ ಸೀಮೆಯ ದಾಸರಲ್ಲೂ ಒಂದು ಇದೆ. ಮಾನ್ವಿಯ ಜಗನ್ನಾಥದಾಸರು ಗೊತ್ತಲ್ಲ, ನಮ್ಮ ಲಿಂಗಸುಗೂರಿನ ಪ್ರಾಣೇಶದಾಸರ ಗುರು. ದಾಸರಾಗುವ ಮೊದಲು ಅವರು ವಿದ್ಯೆಯ ಸೊಕ್ಕಿನಲ್ಲಿ ವಿಜಯದಾಸರನ್ನು ಅವಮಾನ ಮಾಡಿದರಂತೆ, ಹೊಟ್ಟೆನೋವು ಬಂದು ಸಾಯುವ ಸ್ಥಿತಿಗೆ ಹೋದರಂತೆ. ಇಲ್ಲಿಯವರೆಗೆ ಮಾಡಿದ್ದುಣ್ಣೋ ಮಹಾರಾಯ. ಮುಂದೆ ಏನಾಯಿತು? ವಿಜಯದಾಸರ ಅಪ್ಪಣೆಯಂತೆ ಶಿಷ್ಯ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷ ತೆಗೆದು ಅವರಿಗೆ ಕೊಟ್ಟರು ಅಂತ ಸಂಪ್ರದಾಯ ಹೇಳುತ್ತದೆ. ಕರ್ಮ ಅವರವರದೇ, ದಾಟಿಸಲು ಬರುವುದಿಲ್ಲ ಅನ್ನುವ ಶಾಸ್ತ್ರವನ್ನು ಇಷ್ಟು ಕಟ್ಟುನಿಟ್ಟಾಗಿ ನಂಬಿದ ಜನ, ತಮ್ಮ ಅತ್ಯಂತ ಪ್ರೀತಿಯ ಕಥೆಯಲ್ಲಿ ಅದನ್ನು ಮುರಿದಿದ್ದಾರೆ. ನನಗೆ ಆ ಮುರಿದ ಜಾಗ ಇಷ್ಟ.

— ನೀರು ಕೊಡದವರು ಆಯುಸ್ಸು ಕೊಡ್ತಾರೇನ್ರಿ?

— ಅದಕ್ಕೆ ಎಂಟು ನೂರು ವರ್ಷಕ್ಕೂ ಹಿಂದೆ ಹೋಗಬೇಕು, ಶರಣರ ಕಾಲಕ್ಕೆ. ಆಯ್ದಕ್ಕಿ ಲಕ್ಕಮ್ಮ, ಮಾರಯ್ಯ. ನಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು, ಕಲ್ಯಾಣಕ್ಕೆ ಹೋದವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಹಿಂದಿನ ಕರ್ಮದ ಲೆಕ್ಕ ಶರಣರಿಗೆ ಅಷ್ಟು ಮುಖ್ಯವಲ್ಲ. ಗುರು ಲಿಂಗ ಕೊಟ್ಟ ಮೇಲೆ ಅದು ಸುಟ್ಟುಹೋಯಿತು ಅನ್ನುವವರು. ಇವತ್ತು ನಿನ್ನ ಕೈ ಏನು ಮಾಡುತ್ತಿದೆ, ಅದನ್ನು ಹೇಳು ಅನ್ನುವವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಕದ್ದದ್ದಲ್ಲ, ಚೆಲ್ಲಿದ್ದೇ. ಲಕ್ಕಮ್ಮ ಒಪ್ಪಲಿಲ್ಲ. ನಮಗೆ ಬೇಕಾದದ್ದಕ್ಕಿಂತ ಹೆಚ್ಚು, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂತ ಕಳಿಸಿದಳು.

ಆಗ ಬಾಗಿಲ ಹತ್ತಿರ ಬುತ್ತಿಗಂಟು ಕಾಲ ಬಳಿ ಇಟ್ಟುಕೊಂಡು ಕೂತಿದ್ದ ಹೆಣ್ಣುಮಗಳು ತಿರುಗಿದಳು. ಸಿಂಧನೂರಿನ ಕ್ಯಾಂಪಿಗೆ ನೆಲ್ಲು ಹಚ್ಚಲು ಹೋಗಿ ಬಂದವಳು. ಮೊಣಕಾಲತನಕ ಕೆಸರು ಒಣಗಿ ಬೆಳ್ಳಗಾಗಿತ್ತು.

— ಸರ, ಆ ಲಕ್ಕಮ್ಮನ ಮನಿಯಾಗ ಅವತ್ತು ಅಡಿಗಿಗೆ ಅಕ್ಕಿ ಇತ್ತೇನ್ರಿ?

— ದಿನದ್ದಕ್ಕೆ ಆಗುವಷ್ಟು ಇದ್ದಿರಬೇಕಮ್ಮ.

— ದಿನದ್ದಕ್ಕ ಇದ್ರ ತಿರುಗಿ ಕೊಡಾಕ ಬರ್ತೈತಿ. ಅಣ್ಣಾರ, ನೀವು ಆಗಿಂದ ಮ್ಯಾಲಿನವರದು ಹೇಳಾಕತ್ತೀರಿ. ನಿಮ್ಮ ಕೆಳಗ ಯಾರದೈತಿ?

— ನಂದು ತುದಿ, ತಂಗಿ.

— ತುದಿ ಅಂದ್ರ ತುದೀನಾ?

ರೈತ ಲೋಟ ಕೆಳಗಿಟ್ಟ.

— ಇನ್ನಿಬ್ಬರದು ಅದಾವ. ಎರಡೆರಡು ಎಕರೆ. ಅವರು ನೀರಿನ ಆಸೆ ಬಿಟ್ಟು ಭಾಳ ದಿನ ಆತು. ತೊಗರಿ ಹಾಕ್ತಾರ, ಆದ್ರ ಆತು. ದೀಪಾವಳಿ ಆದ ಮ್ಯಾಲ ಬೆಂಗಳೂರಿಗೆ ಗುಳೆ ಹೋಗ್ತಾರ.

— ನಿಮಗ ನೀರು ಬಂದ ವರ್ಷ ಅವರಿಗೆ ಬಂದಿತ್ತೇನು?

— ನೆಲ್ಲಿಗೆ ನೀರು ನಿಲ್ಲಸಬೇಕಾಗ್ತೈತಿ ತಂಗಿ. ನಿಲ್ಲಿಸಿದ್ರ ಮುಂದ ಹೋಗಂಗಿಲ್ಲ.

— ಅವರಿಗೂ ಯಾರಾದ್ರೂ ಹಿರಿಯರು ಹೋಗಿ ಹೆಗಲ ಮ್ಯಾಲ ಕೈ ಇಟ್ಟಿರಬೇಕು.

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಶ್ಲೋಕವೇ ಇರಬೇಕು. ಅವಳ ಮುಖ ನೋಡಿ ಬಿಟ್ಟರು. ಅವರ ಇಡೀ ಮಧ್ಯಾಹ್ನದಲ್ಲಿ ಅದು ಅತ್ಯುತ್ತಮ ವ್ಯಾಖ್ಯಾನ ಅಂತ ನನ್ನ ಅಭಿಪ್ರಾಯ.

— ಸರ, ಒಂದು ಅರ್ಜಿ ಬರಕೊಡ್ರಿ. ಮುನಿರಾಬಾದಿನ್ಯಾಗ ನೀರಾವರಿ ಸಲಹಾ ಸಮಿತಿ ಸಭೆ ಆಗ್ತೈತಿ, ಅದಕ್ಕ ಕಳಿಸಬೇಕು.

— ಏನಂತ ಬರೆಯಲಿ?

— ಮ್ಯಾಲಿನ ಪೈಪು ಕೀಳಸ್ರಿ ಅಂತ ಬರೀರಿ, ಅದು ಬಿಡಂಗಿಲ್ಲ. ನನ್ನ ಸರ್ವೆ ನಂಬರ್ ಜೊತಿಗೆ ಕೆಳಗಿನ ಇಬ್ಬರದೂ ಹಾಕ್ರಿ.

— ನಂಬರ್ ಹಾಕಿದ್ರ ಅವರ ಹೊಲಕ್ಕ ನೀರು ಹೋಗ್ತೈತೇನು ಅಣ್ಣಾರ? ಮುಂದಿನ ಸಲ ನೀವು ಹಾಕೋದು ನೆಲ್ಲೋ, ಜ್ವಾಳೋ?

— ಅದನ್ನ ಮನಿಯಾಕಿನ ಕೇಳಬೇಕು.

— ಕೇಳ್ರಿ. ಆದ್ರ ಎಲ್ಲರೂ ಜ್ವಾಳ ಹಾಕಿದ್ರ ನಾಟಿ ಇಲ್ಲ, ನಾಟಿ ಇಲ್ಲಂದ್ರ ನಮಗ ಕೂಲಿ ಇಲ್ಲ. ಅರ್ಜಿ ಬರಿಯೋ ಮುಂದ ಅದನ್ನೂ ಒಂದು ಸಾಲು ಬರಸ್ರಿ.